ಬಡಗಲ ದುರ್ಗ, ತೆಂಕಲ ತೋಟ

ನಮ್ಮ ಊರಿನ ಹೆಸರಿನಲ್ಲೇ ಒಬ್ಬ ನಾಯಕನಿದ್ದಾನೆ. ದಿನಕ್ಕೆ ಹತ್ತು ಸಲ ಆ ಹೆಸರು ಹೇಳುತ್ತೇವೆ, ಬಸ್ಸಿನ ಬೋರ್ಡಿನ ಮೇಲೆ ಓದುತ್ತೇವೆ, ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಅವಸರವಾದಾಗ ‘ಸಿ.ಎನ್. ಹಳ್ಳಿ’ ಎಂದು ಮೊಟಕು ಮಾಡಿ ಆ ನಾಯಕನನ್ನು ಎರಡಕ್ಷರದೊಳಗೆ ಅಡಗಿಸಿಬಿಡುತ್ತೇವೆ. ಅವನು ಯಾರು ಎಂದು ಏಳನೆಯ ತರಗತಿಯ ಮಕ್ಕಳನ್ನು ಕೇಳಿದರೆ ಇಡೀ ತರಗತಿ ಮುಖ ಮುಖ ನೋಡಿಕೊಳ್ಳುತ್ತದೆ. ಅವನು ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕ. ಹಾಗಲವಾಡಿ ಇರುವುದು ದೂರದಲ್ಲೇನಲ್ಲ, ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ. ಆದರೆ ಅದೇ ಮಕ್ಕಳನ್ನು ಚಿತ್ರದುರ್ಗದ ಮದಕರಿ ನಾಯಕ ಯಾರು ಎಂದು ಕೇಳಿ ನೋಡಿ. ಹಿಂದಿನ ಬೆಂಚಿನ ಹುಡುಗನೂ ಎದ್ದು ನಿಲ್ಲುತ್ತಾನೆ. ಓಬವ್ವ ಯಾರು ಎಂದರಂತೂ ಹೆಣ್ಣುಮಕ್ಕಳು ಕೈಯಲ್ಲಿ ಇಲ್ಲದ ಒನಕೆಯನ್ನೇ ಎತ್ತಿ ತೋರಿಸುತ್ತಾರೆ.

ಮನೆಯ ಯಜಮಾನನ ಹೆಸರು ಮರೆತು, ಬಡಗಲ ನೆರೆಮನೆಯವರ ವಂಶಾವಳಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಂತಾಯಿತಲ್ಲ ನಮ್ಮ ಕಥೆ! ಸಮಾಜ ವಿಜ್ಞಾನ ಪಾಠ ಹೇಳುತ್ತಾ ಹೇಳುತ್ತಾ ಈ ವಿಚಾರ ನನ್ನನ್ನು ಬಹಳ ವರ್ಷ ಕಾಡಿದೆ. ಇದಕ್ಕೆ ಉತ್ತರ ಹುಡುಕಲು ಹೊರಟರೆ ಚರಿತ್ರೆಯ ಪುಸ್ತಕಗಳಿಗಿಂತ ಹೆಚ್ಚಾಗಿ ಕಾದಂಬರಿಗಳ ಕಪಾಟಿನ ಮುಂದೆ ನಿಲ್ಲಬೇಕಾಗುತ್ತದೆ.

ಮೊದಲು ಸೀಮೆಯ ವಿಚಾರ ಹೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ಹೊರಗಿನವರ ಕಣ್ಣಿಗೆ ಬರೀ ತೆಂಗಿನ ತೋಟ. ಅಟ್ಟದ ಮೇಲೆ ಕೊಬ್ಬರಿ, ಹಿತ್ತಿಲಲ್ಲಿ ಮಟ್ಟೆಯ ರಾಶಿ, ಒಲೆಗೆ ಕರಟ. ಆದರೆ ಊರು ಬಿಟ್ಟು ಹುಳಿಯಾರಿನ ಕಡೆ ಹೊರಟರೆ ತೋಟಗಳು ಮೆಲ್ಲಗೆ ತೆಳುವಾಗುತ್ತವೆ. ಗುಡ್ಡಗಳು ಜೊತೆಗೆ ನಡೆದುಬರತೊಡಗುತ್ತವೆ. ಭೂವಿಜ್ಞಾನಿಗಳು ‘ಚಿತ್ರದುರ್ಗದ ಶಿಲಾಪಟ್ಟಿ’ ಎಂದು ಕರೆಯುವ ಪುರಾತನ ಕಲ್ಲಿನ ಸಾಲು ಗದಗದ ಕಡೆಯಿಂದ ಹೊರಟು, ಚಿತ್ರದುರ್ಗದ ಸೀಮೆಯನ್ನು ಹಾದು, ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಮೂಲಕ ಇಳಿದು ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತದೆ. ನೀರೂ ಅಷ್ಟೆ. ನಮ್ಮ ತಾಲ್ಲೂಕಿನ ಬೋರನಕಣಿವೆಯಲ್ಲಿ ನಿಲ್ಲಿಸಿಕೊಂಡಿರುವ ಸುವರ್ಣಮುಖಿ ಬಡಗಲಿಗೇ ಹರಿದು ವೇದಾವತಿಯನ್ನು ಸೇರುತ್ತಾಳೆ. ಹೀಗೆ ಕಲ್ಲೂ ನೀರೂ ಒಂದೇ ಆದ ಮೇಲೆ ದುರ್ಗದವರು ನಮಗೆ ಪರಕೀಯರು ಹೇಗಾದಾರು? ನಮ್ಮಜ್ಜಿ ‘ಬಡಗಲ ಸೀಮೆ’ ಎನ್ನುತ್ತಿದ್ದಳು. ಬಿಸಿಲು, ಕಲ್ಲು, ಮೊಂಡುತನ ಈ ಮೂರಕ್ಕೂ ಅವಳಿಗೆ ಅದೊಂದೇ ವಿಳಾಸ. ಯಾರಾದರೂ ಹಟ ಹಿಡಿದರೆ, “ಇದ್ಯಾಕವ್ವಾ ದುರ್ಗದ ಬಂಡೆ ಹಂಗೆ ಕುಂತಿದ್ದೀಯ, ಏಳು ಮೇಲೆ” ಎನ್ನುತ್ತಿದ್ದಳು.

ಆ ಬಡಗಲ ಸೀಮೆಗೆ ಕಥೆ ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ತ.ರಾ. ಸುಬ್ಬರಾವ್. ನಮಗೆಲ್ಲ ‘ತರಾಸು’ ಎಂದರೇ ಆಪ್ತ. ಅವರ ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಕುವೆಂಪು ಅವರ ಗುರುಗಳಾದ ತ.ಸು. ವೆಂಕಣ್ಣಯ್ಯನವರದೂ ಅದೇ ಮನೆತನ. 1920ರಲ್ಲಿ ಹುಟ್ಟಿದ ತರಾಸು ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದವರು, ಪ್ರಗತಿಶೀಲ ಸಾಹಿತ್ಯದ ಮುಂಚೂಣಿಯಲ್ಲಿ ನಿಂತವರು. ಆದರೆ ಊರಿನ ಕೋಟೆ ಅವರ ಬೆನ್ನು ಬಿಡಲಿಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಲ್ಲಿ ದುರ್ಗದ ಅರಮನೆಯೊಳಗಿನ ದಳವಾಯಿಯ ಒಳಸಂಚು, ರಕ್ತಪಾತ, ಅದರ ಪ್ರತೀಕಾರಗಳ ಕಥೆ ಹೇಳಿದರು. ಆಮೇಲೆ ‘ಹೊಸಹಗಲು’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಬಂದವು. ಕೊನೆಗೆ 1982ರಲ್ಲಿ ‘ದುರ್ಗಾಸ್ತಮಾನ’ ಬಂತು. ಅದು ಕಡೆಯ ಮದಕರಿ ನಾಯಕನ ಕಥೆ. 1984ರಲ್ಲಿ ತರಾಸು ತೀರಿಕೊಂಡರು. ಅದರ ಮರುವರ್ಷ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಲೇಖಕರೇ ಇಲ್ಲದ ಮೇಲೆ ಬಂದ ಮರ್ಯಾದೆ ಅದು.

ನಮ್ಮ ಮನೆಗೆ ಈ ಪುಸ್ತಕಗಳು ಬಂದದ್ದು ಗ್ರಂಥಾಲಯದ ಮೂಲಕ. ಅಮ್ಮ ಓದಿದ್ದು ಲೋಯರ್ ಸೆಕೆಂಡರಿ ಅಷ್ಟೆ. ಕೊಬ್ಬರಿ ಸುಲಿಸುವ ದಿನ ಆಳುಗಳಿಗೆ ಅಡಿಗೆ ಇಟ್ಟು, ಒಲೆಯ ಮುಂದೆ ಕರಟ ತುಂಬುತ್ತಾ, ತೊಡೆಯ ಮೇಲೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದಳು. ಪುಸ್ತಕದ ಅಂಚಿಗೆ ಮಸಿ ತಾಗಿ ಗ್ರಂಥಾಲಯದವರಿಂದ ಒಂದೆರಡು ಮಾತು ಕೇಳಬೇಕಾಗಿ ಬಂದದ್ದೂ ಉಂಟು. ಮಧ್ಯಾಹ್ನ ಪಕ್ಕದ ಮನೆಯ ಇಬ್ಬರು ಮೂವರು ಹೆಂಗಸರು ಸೇರಿದರೆ ಅಮ್ಮನೇ ಗಟ್ಟಿಯಾಗಿ ಓದಿ ಹೇಳುವಳು. ಅವರಲ್ಲಿ ಓದು ಬಾರದವರೂ ಇದ್ದರು. ದಳವಾಯಿಯ ದ್ರೋಹದ ಪ್ರಸಂಗ ಬಂದಾಗ, “ಅವನ ಕೈ ಸೇದಿಹೋಗ” ಎಂದು ಅವರೆಲ್ಲ ಶಾಪ ಹಾಕಿದ್ದು ನನಗೆ ನೆನಪಿದೆ. ಮುನ್ನೂರು ವರ್ಷದ ಹಿಂದೆ ಸತ್ತವನಿಗೆ ತೆಂಗಿನ ಸೀಮೆಯ ಅಡಿಗೆಮನೆಯಲ್ಲಿ ಶಾಪ! ಇಂಥ ಕೆಲಸವನ್ನು ಯಾವ ಚರಿತ್ರೆಯ ಪಠ್ಯಪುಸ್ತಕ ಮಾಡೀತು?

ಈಗ ಕಾದಂಬರಿಯ ಆಚೆಗೆ, ಚರಿತ್ರೆ ಏನು ಹೇಳುತ್ತದೆ ನೋಡೋಣ. ಹದಿನಾರನೆಯ ಶತಮಾನದಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ದುರ್ಗದ ನಾಯಕರ ಆಳ್ವಿಕೆ ಆರಂಭವಾಯಿತು. ವಿಜಯನಗರ ಬಿದ್ದ ಮೇಲೆ ಅವರು ಸ್ವತಂತ್ರರಾದರು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಕೆರೆಗಳನ್ನೂ ದೇವಸ್ಥಾನಗಳನ್ನೂ ಕಟ್ಟಿಸಿ ಹೆಸರಾದವನು. ಹಿರೇಮದಕರಿ ನಾಯಕ 1748ರ ಮಾಯಕೊಂಡದ ಯುದ್ಧದಲ್ಲಿ ಮಡಿದ. ಅವನ ನಂತರ ಬಂದ ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿರಲಿಲ್ಲ. 1754ರಲ್ಲಿ ಜಾನಕಲ್ಲಿನಿಂದ ಒಬ್ಬ ಹುಡುಗನನ್ನು ಕರೆತಂದು ಪಟ್ಟ ಕಟ್ಟಿದರು. ಜಾನಕಲ್ಲು ನಮ್ಮ ಪಕ್ಕದ ಹೊಸದುರ್ಗ ತಾಲ್ಲೂಕಿನದು. ಆ ಹುಡುಗನೇ ಕಡೆಯ ಮದಕರಿ ನಾಯಕ.

ಇಪ್ಪತ್ತೈದು ವರ್ಷ ಅವನು ಆಳಿದ್ದು ಎರಡು ದೊಡ್ಡ ಶಕ್ತಿಗಳ ನಡುವೆ. ಒಂದು ಕಡೆ ಮೈಸೂರಿನ ಹೈದರಾಲಿ, ಇನ್ನೊಂದು ಕಡೆ ಪುಣೆಯ ಮರಾಠರು. ಒಂದು ಕಾಲಕ್ಕೆ ಹೈದರನ ಜೊತೆ ಸೇರಿ ಬಿದನೂರಿನ ದಂಡಯಾತ್ರೆಗೆ ಹೋದ. ಇನ್ನೊಂದು ಕಾಲಕ್ಕೆ, 1770ರಲ್ಲಿ, ಪೇಶ್ವೆ ಮಾಧವರಾಯನ ಪರ ನಿಂತು ನಿಜಗಲ್ಲಿನ ಕೋಟೆ ಹಿಡಿದುಕೊಟ್ಟ. ಎರಡು ಆನೆಗಳ ನಡುವೆ ಸಿಕ್ಕವನ ರಾಜಕಾರಣ ಅದು. ಹೈದರ 1777ರಲ್ಲಿ ಮುತ್ತಿಗೆ ಹಾಕಿದ, ಕಾಣಿಕೆ ಪಡೆದು ಹಿಂದಿರುಗಿದ. 1779ರಲ್ಲಿ ಮತ್ತೆ ಬಂದ. ಆಗ ಒಳಗಿನವರ ದ್ರೋಹವೂ ಸೇರಿ ಕೋಟೆ ಬಿತ್ತು. ಮದಕರಿ ನಾಯಕನನ್ನು ಮನೆಮಂದಿ ಸಮೇತ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವನು ಹಿಂದಿರುಗಲಿಲ್ಲ.

ಇದನ್ನು ಹಿಂದೂ ಮುಸ್ಲಿಂ ಕಾಳಗವೆಂದು ಓದುವವರಿದ್ದಾರೆ. ಮೇಷ್ಟ್ರಾದವರು ಇಲ್ಲಿ ತುಸು ನಿಂತು ವಿವರಿಸಬೇಕು. ಮದಕರಿಯ ದಂಡಿನಲ್ಲಿ ಮುಸ್ಲಿಂ ಸಿಪಾಯಿಗಳಿದ್ದರು, ಹೈದರನ ದಂಡಿನಲ್ಲಿ ಬೇಡರಿದ್ದರು. ನಮ್ಮ ಊರನ್ನೇ ನೋಡಿ. 1791ರಲ್ಲಿ ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿದ್ದು ಪರಶುರಾಮ ಭಾವೂನ ಮರಾಠಾ ಸೈನ್ಯ. ಶ್ರೀರಂಗಪಟ್ಟಣದ ಮೇಲೆ ಏರಿ ಹೋಗುತ್ತಿದ್ದ ಇಂಗ್ಲಿಷರಿಗೆ ನೆರವಾಗಲು ಹೊರಟ ಸೈನ್ಯ ಅದು, ದಾರಿಯಲ್ಲಿ ಸಿಕ್ಕ ಊರು ನಮ್ಮದು. ಸೂರೆಯಾದವರಿಗೆ ಸೂರೆಗಾರನ ಜಾತಿ ಕಟ್ಟಿಕೊಂಡು ಆಗಬೇಕಾದ್ದೇನು? ಇವತ್ತಿಗೂ ನಮ್ಮೂರಿನ ತಾತಯ್ಯನ ಗೋರಿಯ ಉರುಸಿಗೆ ಎಲ್ಲ ಜಾತಿಯವರೂ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಚರಿತ್ರೆಯ ಗಾಯವನ್ನು ಕೆರೆಯುವುದಕ್ಕಿಂತ ಇದು ಒಳ್ಳೆಯ ಪಾಠ.

ಕೋಟೆ ಬಿದ್ದ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ನಾಯಕನ ಸೆರೆಯ ಮೇಲಲ್ಲ, ಅದರ ಮುಂದಿನ ಒಂದು ಸಾಲಿನ ಮೇಲೆ. ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಮೈಸೂರಿನ ಚರಿತ್ರೆ ಬರೆದ. ದುರ್ಗ ಬಿದ್ದ ಮೇಲೆ ಅಲ್ಲಿನ ಸುಮಾರು 20,000 ಜನ ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದರೆಂದೂ, ಅವರ ಗಂಡುಹುಡುಗರನ್ನು ಆರಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದರೆಂದೂ ಅವನು ಬರೆದಿದ್ದಾನೆ. ಇಪ್ಪತ್ತು ಸಾವಿರ! ಅವರಲ್ಲಿ ಅರ್ಧದಷ್ಟಾದರೂ ಹೆಂಗಸರೇ ಇದ್ದಿರಬೇಕಲ್ಲವೇ? ಬಸುರಿಯರಿದ್ದರು, ಹಾಲೂಡುವ ತಾಯಂದಿರಿದ್ದರು, ನಡೆಯಲಾರದ ಮುದುಕಿಯರಿದ್ದರು. ಒಲೆಯ ಮೇಲೆ ಇಟ್ಟ ಗಡಿಗೆಯನ್ನು ಹಾಗೇ ಬಿಟ್ಟು ಹೊರಟವರೂ ಇದ್ದಿರಬಹುದು. ದುರ್ಗದಿಂದ ಕಾವೇರಿಯ ದ್ವೀಪದವರೆಗೆ ನಡೆದರು ಎಂದರೆ ಈಗಿನ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರಿಗೂ ಮೇಲೆ. ಗಂಡುಮಕ್ಕಳನ್ನು ಕಿತ್ತುಕೊಂಡ ಮೇಲೆ ಆ ತಾಯಂದಿರು ಏನಾದರು? ಚರಿತ್ರೆಯಲ್ಲಿ ಅವರಿಗೆ ಸಿಕ್ಕಿರುವುದು ಒಂದು ಸಂಖ್ಯೆ. ಆ ಸಂಖ್ಯೆಯೊಳಗೆ ಒಂದೂ ಹೆಸರಿಲ್ಲ.

ಹಾಗಾದರೆ ಓಬವ್ವ? ಅವಳ ಕಥೆಯನ್ನು ನಾನು ಹೇಳುವುದೇ ಬೇಡ. ಗಂಡ ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತಿದ್ದ, ಇವಳು ನೀರಿಗೆ ಹೋದಳು, ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವುದನ್ನು ಕಂಡಳು, ಊಟಕ್ಕೆ ಕುಳಿತವನನ್ನು ಎಬ್ಬಿಸಲಿಲ್ಲ, ಮೂಲೆಯ ಒನಕೆ ಹಿಡಿದಳು. ಇದು ಬಾಯಿಂದ ಬಾಯಿಗೆ ಬಂದ ಕಥೆ. ಶಾಸನದಲ್ಲಿ ಕೊರೆದದ್ದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದರು. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಸಿನಿಮಾ ಅದು. ಅದರೊಳಗೊಂದು ಹಾಡಿನಲ್ಲಿ ಜಯಂತಿ ಓಬವ್ವನಾಗಿ ಬಂದರು. ಅಷ್ಟೇ, ಆಮೇಲೆ ಕನ್ನಡನಾಡಿನ ಪ್ರತಿಯೊಂದು ಶಾಲೆಯ ವಾರ್ಷಿಕೋತ್ಸವದಲ್ಲೂ ಒಬ್ಬಳು ಓಬವ್ವ ಹುಟ್ಟಿಕೊಂಡಳು. ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ ಆ ಸಿನಿಮಾ ಮತ್ತೆ ಬಂದಾಗ ಹೆಂಗಸರ ಕಡೆಯ ನೆಲದಲ್ಲಿ ಕಾಲಿಡಲು ಜಾಗವಿರಲಿಲ್ಲ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಓಬವ್ವನ ಜಯಂತಿ ನಡೆಸುತ್ತಿದೆ.

ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ನಿಂತು, “ಮಿಸ್, ಓಬವ್ವ ನಿಜವಾಗ್ಲೂ ಇದ್ದಳಾ, ಇಲ್ಲಾ ಬರೀ ಸಿನಿಮಾನಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. “ನಿಮ್ಮ ಮುತ್ತಜ್ಜಿಯ ಅಮ್ಮನ ಹೆಸರು ಗೊತ್ತಾ?” ಎಂದು ಕೇಳಿದೆ. ಗೊತ್ತಿಲ್ಲ ಎಂದಳು. “ಅವಳು ಇದ್ದಳು ತಾನೆ?” ಎಂದೆ. ಇಡೀ ತರಗತಿ ನಕ್ಕಿತು. ನಗು ನಿಂತ ಮೇಲೆ ನಾನು ಇಷ್ಟು ಹೇಳಿದೆ: ಓಬವ್ವನ ವಿಚಾರದಲ್ಲಿ ಕಲ್ಲಿನ ಮೇಲೆ ಬರೆದ ಸಾಕ್ಷಿ ಇಲ್ಲ. ಅಲ್ಲಿ ಕಿಂಡಿ ಇದೆ, ನೀರು ನಿಲ್ಲುವ ದೋಣಿ ಇದೆ, ತಲೆತಲಾಂತರದಿಂದ ಹೇಳಿಕೊಂಡು ಬಂದ ಜನ ಇದ್ದಾರೆ. ಕಾವಲುಗಾರನ ಹೆಂಡತಿಗೆ ಯಾರೂ ಶಾಸನ ಹಾಕಿಸುವುದಿಲ್ಲ. ಪರೀಕ್ಷೆಯಲ್ಲಿ ‘ಐತಿಹ್ಯದ ಪ್ರಕಾರ’ ಎಂದು ಸೇರಿಸಿ ಬರೆಯಿರಿ, ಮನಸ್ಸಿನಲ್ಲಿ ಬೇಕಾದಷ್ಟು ದೊಡ್ಡದಾಗಿ ಇಟ್ಟುಕೊಳ್ಳಿ. ಸಿನಿಮಾದ ಸೀರೆ, ಸಿನಿಮಾದ ಹಾಡು ಇವು ಮಾತ್ರ ಚರಿತ್ರೆಯಲ್ಲ.

ಮಕ್ಕಳನ್ನು ಪ್ರವಾಸಕ್ಕೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಅವರಿಗೆ ಓಬವ್ವನ ಕಿಂಡಿಯ ಜೊತೆಗೆ ಇನ್ನೂ ಎರಡು ಜಾಗ ತೋರಿಸುತ್ತೇನೆ. ಒಂದು, ಮದ್ದು ಅರೆಯುವ ಕಲ್ಲುಗಳು. ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲುಗಳಿವೆ. ಮಕ್ಕಳು ಅದನ್ನು ಹಿಟ್ಟು ಬೀಸುವ ಕಲ್ಲು ಎಂದೇ ತಿಳಿಯುತ್ತಾರೆ, ಸಿಡಿಮದ್ದು ಅರೆಯಲು ಇಟ್ಟದ್ದು ಎಂದರೆ ಕಣ್ಣರಳಿಸುತ್ತಾರೆ. ಎರಡನೆಯದು ನೀರಿನ ಏರ್ಪಾಡು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿಂದ ಅಕ್ಕತಂಗಿಯರ ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಇಳಿಯುವಂತೆ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆಯನ್ನು ಶತ್ರುಗಳ ಎದುರು ಅಷ್ಟು ಕಾಲ ನಿಲ್ಲಿಸಿದ್ದು ಗೋಡೆಗಳ ಜೊತೆಗೆ ಈ ನೀರು. ಕೊಡ ಹೊತ್ತು ಈ ಹೊಂಡಗಳ ಮೆಟ್ಟಿಲು ಹತ್ತಿ ಇಳಿದವರು ಯಾರು ಎಂದು ನಾನು ಕೇಳುತ್ತೇನೆ. ಹೆಣ್ಣುಮಕ್ಕಳು ಉತ್ತರ ಕೊಡುವ ಮೊದಲೇ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಓಬವ್ವನೂ ಅವತ್ತು ನೀರಿಗೇ ಹೊರಟವಳು ತಾನೆ? ಅಕ್ಕತಂಗಿಯರ ಹೊಂಡದಲ್ಲಿ ಮದಕರಿಯ ರಾಣಿಯರಿಬ್ಬರು ಬಿದ್ದು ಪ್ರಾಣ ಬಿಟ್ಟರೆಂದೂ ಹೇಳುತ್ತಾರೆ. ಅದೂ ಬಾಯಿಮಾತಿನ ಕಥೆಯೇ.

ಇನ್ನು ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ದುರ್ಗ ಇಷ್ಟು ಬೆಳಗಿ, ಹಾಗಲವಾಡಿ ಏಕೆ ಕತ್ತಲಾಯಿತು? ದುರ್ಗ ದೊಡ್ಡ ರಾಜ್ಯ, ಹಾಗಲವಾಡಿ ಸಣ್ಣದು ಎನ್ನಬಹುದು. ಅದು ನಿಜ. ಆದರೆ ಬರೆದಿಟ್ಟ ದಾಖಲೆಗಳ ವಿಚಾರದಲ್ಲಿ ನಾವು ಅಷ್ಟೇನೂ ಬಡವರಲ್ಲ. ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು 1903ರಲ್ಲಿ ಹೊರತಂದರು. ಅದರ ಬೆನ್ನಿಗೇ 1904ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ ಬಂತು. ಅಮಲ್ದಾರರಾಗಿ ಊರೂರು ಸುತ್ತಿದ ಎಂ.ಎಸ್. ಪುಟ್ಟಣ್ಣನವರು ‘ಚಿತ್ರದುರ್ಗದ ಪಾಳೆಯಗಾರರು’ ಬರೆದಂತೆಯೇ ಹಾಗಲವಾಡಿ ಪಾಳೆಯಗಾರರ ಮೇಲೂ ಬರೆದರು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ ನಮ್ಮ ಊರಿನ ತೆಂಗಿನ ತೋಟಗಳ ಬಗ್ಗೆ ಬರೆದುಕೊಂಡ. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಂದಮೇಲೆ ಅಟ್ಟದ ಮೇಲೆ ಕಾಯಿ ಇತ್ತು. ಇಳಿಸಿ, ಸುಲಿದು, ಒಡೆದು ರುಚಿ ತೋರಿಸುವವರಿರಲಿಲ್ಲ. ದುರ್ಗಕ್ಕೆ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಕೈಫಿಯತ್ತು ಕಡತ ಹುಡುಕಿ ಕೂಡಿಟ್ಟರು, ಲಕ್ಷ್ಮಣ ತೆಲಗಾವಿ ಅಂಥವರು ಜೀವಮಾನವಿಡೀ ಸಂಶೋಧನೆ ಮಾಡಿದರು, ತರಾಸು ಅದಕ್ಕೆ ಮಾತು ಕೊಟ್ಟರು, ಅವರ ನಂತರ ಬಿ.ಎಲ್. ವೇಣು ಬರೆದರು. ವೇಣು ಅವರ ಕಥೆಯನ್ನು ಆಧರಿಸಿ ನಾಗಾಭರಣ 2006ರಲ್ಲಿ ‘ಕಲ್ಲರಳಿ ಹೂವಾಗಿ’ ಸಿನಿಮಾ ಮಾಡಿದರು. ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ ತೀ.ನಂ. ಶ್ರೀಕಂಠಯ್ಯನವರಂಥ ಮಹಾ ವಿದ್ವಾಂಸರು ಹುಟ್ಟಿದರು. ಕಾವ್ಯಮೀಮಾಂಸೆಯಲ್ಲಿ ಅವರ ಸಮಾನರು ವಿರಳ. ಆದರೆ ಪಾಳೆಯಗಾರರ ಕಥೆ ಕಟ್ಟುವ ಕೆಲಸ ಅವರದಾಗಿರಲಿಲ್ಲ.

ಇದು ನಮ್ಮ ನಾಡಿನಲ್ಲಿ ಮಾತ್ರ ಆದದ್ದಲ್ಲ. ಬ್ರಿಟನ್ನಿನ ಬಡಗಲಿಗೆ ಸ್ಕಾಟ್ಲೆಂಡಿನ ಬೆಟ್ಟದ ಸೀಮೆ ಇದೆ. ಅಲ್ಲಿನ ಬೆಟ್ಟದ ಕುಲಗಳು 1746ರಲ್ಲಿ ಕಲ್ಲೋಡನ್ ಎಂಬಲ್ಲಿ ಸೋತವು. ಗೆದ್ದವರು ಅವರ ಉಡುಪನ್ನೂ ಕಾಯಿದೆ ಮಾಡಿ ನಿಷೇಧಿಸಿದರು. ಮುಂದೆ ಎಷ್ಟೋ ಮನೆಗಳವರು ಹೊಲ ಬಿಟ್ಟು ಹಡಗು ಹತ್ತಬೇಕಾಯಿತು, ಅವರಿದ್ದ ಕಡೆ ಕುರಿ ಮೇಯಿಸಿದರು. 1814ರಲ್ಲಿ ವಾಲ್ಟರ್ ಸ್ಕಾಟ್ ‘ವೇವರ್ಲಿ’ ಎಂಬ ಕಾದಂಬರಿಯಲ್ಲಿ ಆ ಸೋತವರ ಕಥೆ ಹೇಳಿದ. ಯುರೋಪೆಲ್ಲ ಅದನ್ನು ಓದಿ ಬೆಟ್ಟದವರ ಶೌರ್ಯಕ್ಕೆ ಮರುಳಾಯಿತು. ನಿಷೇಧಿಸಿದ ಚೌಕಳಿ ಬಟ್ಟೆಯನ್ನು ದೊರೆಗಳೇ ಉಟ್ಟು ಮೆರೆದರು. ಆದರೆ ಬೆಟ್ಟದ ಜನ ಹೊಲ ಬಿಟ್ಟು ಹೊರಡುವುದು ನಿಲ್ಲಲಿಲ್ಲ. ಕಾದಂಬರಿ ಸೋತ ಸೀಮೆಗೆ ಮರ್ಯಾದೆ ತಂದುಕೊಡುತ್ತದೆ, ಜನರಿಗೆ ಹೊಲ ಹಿಂದಕ್ಕೆ ಕೊಡಿಸುವುದಿಲ್ಲ. ನಮ್ಮಲ್ಲಿಯೂ ಮಾಸ್ತಿಯವರು ಬಿದನೂರಿನ ಕುಸಿತವನ್ನು ‘ಚೆನ್ನಬಸವನಾಯಕ’ದಲ್ಲಿ, ಕೊಡಗಿನ ಕೊನೆಯ ಅರಸನ ಪತನವನ್ನು 1956ರ ‘ಚಿಕವೀರ ರಾಜೇಂದ್ರ’ದಲ್ಲಿ ಬರೆದರು. ನೋಡಿ, ಕನ್ನಡದ ದೊಡ್ಡ ಚಾರಿತ್ರಿಕ ಕಾದಂಬರಿಗಳಲ್ಲಿ ಎಷ್ಟೊಂದು ಕೊನೆಯ ಅರಸರ ಕಥೆಗಳು! ಗೆದ್ದವನಿಗೆ ಆಸ್ಥಾನದ ಕವಿ ಇರುತ್ತಾನೆ, ಸೋತವನಿಗೆ ಕಾದಂಬರಿಕಾರನೇ ಗತಿ.

ಆದರೆ ಈ ಕೃತಜ್ಞತೆಯ ಜೊತೆಗೆ ಒಂದು ಕೊರಗೂ ನನಗಿದೆ. ಚಾರಿತ್ರಿಕ ಕಾದಂಬರಿಗಳಲ್ಲಿ ಹೆಣ್ಣಿಗೆ ಎರಡೋ ಮೂರೋ ಜಾಗ ಮಾತ್ರ. ಅವಳು ನಾಗತಿಯಾಗಿ ಅಂತಃಪುರದಲ್ಲಿರಬೇಕು, ಇಲ್ಲವೇ ನಾಯಕನ ಪ್ರೇಯಸಿಯಾಗಿರಬೇಕು, ಇಲ್ಲವೇ ಒನಕೆ ಹಿಡಿದು ಒಂದೇ ಮಧ್ಯಾಹ್ನದಲ್ಲಿ ಅಮರಳಾಗಬೇಕು. ಒನಕೆಯನ್ನು ಇಡೀ ಜೀವಮಾನ ಭತ್ತ ಕುಟ್ಟಲು ಹಿಡಿದವಳಿಗೆ ಜಾಗವಿಲ್ಲ. ಓಬವ್ವ ಅಂದು ನೀರಿಗೆ ಹೋಗದೆ ಇದ್ದಿದ್ದರೆ ಅವಳೂ ಆ 20,000ದ ಲೆಕ್ಕದಲ್ಲಿ ಒಂದಾಗಿ ನಡೆದುಹೋಗುತ್ತಿದ್ದಳು. ಶೌರ್ಯ ತೋರಿದರೆ ಮಾತ್ರ ಹೆಸರು ಉಳಿಯುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಕಲಿತರೆ, ಸಹಿಸಿ ಬದುಕಿದವರ ಲೆಕ್ಕ ಬರೆಯುವವರು ಯಾರು?

ಈ ಲೆಕ್ಕವನ್ನು ಬರೆದವರೂ ಇಲ್ಲದಿಲ್ಲ. ಮಲೆನಾಡಿನ ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಬರೆದರು. ಬಾಲ್ಯದಲ್ಲೇ ವಿಧವೆಯಾಗಿ ನೂರು ವರ್ಷ ಮಡಿಯಲ್ಲಿ ಬದುಕಿದ, ನಿಜವಾಗಿಯೂ ಇದ್ದ ಒಬ್ಬ ಹೆಂಗಸಿನ ಕಥೆ. ಮನೆಯ ಹೆಂಗಸರ ಬಾಯಿಂದ ಕೇಳಿದ್ದನ್ನೇ ಅವರು ಕಾದಂಬರಿ ಮಾಡಿದರು. ಅದರಲ್ಲಿ ಕೋಟೆ ಇಲ್ಲ, ಕತ್ತಿ ಇಲ್ಲ. ಇದ್ದರೂ ಅದು ನಮ್ಮ ನಾಡಿನ ಚರಿತ್ರೆಯೇ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಡಗಲ ಸೀಮೆಯಲ್ಲೇ, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ, ಸಿರಿಯಜ್ಜಿ ಎಂಬ ಕಾಡುಗೊಲ್ಲರ ತಾಯಿ ಇದ್ದಳು. ಅಕ್ಷರ ಬಾರದ ಆಕೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡು ಹಾಡುತ್ತಿದ್ದಳು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂದು ಅಚ್ಚು ಹಾಕಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿ ಕೊಟ್ಟಿತು. ಕೂತು ಕೇಳಿ ಬರೆದುಕೊಳ್ಳುವವರು ಒಬ್ಬರು ಬರದೇ ಹೋಗಿದ್ದರೆ ಆ ಪದಗಳೆಲ್ಲ ಆಕೆಯ ಜೊತೆಗೇ ಮಣ್ಣಾಗುತ್ತಿದ್ದವು.

ಮಣ್ಣಾಗುವ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡಾಡಿ ರಸ್ತೆ ಬದಿಯ ತೆಂಗ�ಿನ ಗರಿಗಳೆಲ್ಲ ಕೆಂಪಾಗಿದ್ದವು. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಬಂತು. ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಿತು. ಆಮೇಲೆ ಕಟ್ಟುಪಾಡುಗಳೊಡನೆ ಗಣಿಗಾರಿಕೆಗೆ ಮತ್ತೆ ಅವಕಾಶ ಸಿಕ್ಕಿತು. ಗುಡ್ಡದ ಒಡಲಲ್ಲಿ ಅದಿರು ಮಾತ್ರ ಇರುವುದಿಲ್ಲ. ಕಾವಲುಬುರುಜಿನ ಕಲ್ಲು, ದನದ ದಾರಿ, ಹರಕೆಯ ಕಲ್ಲು, ಹೆಸರಿಟ್ಟ ಬಂಡೆ, ಇವೂ ಇರುತ್ತವೆ. ಗುಡ್ಡ ಹೋದರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಕಥೆ ಹೋಗುತ್ತದೆ. ದುರ್ಗದ ಬೆಟ್ಟಕ್ಕೆ ಕಾದಂಬರಿಯ ಕಾವಲಿದೆ, ಅದನ್ನು ಮುಟ್ಟಲು ಯಾರಿಗಾದರೂ ಧೈರ್ಯ ಬಂದೀತೇ? ನಮ್ಮ ಗುಡ್ಡಗಳಿಗೆ ಅಂಥ ಕಾವಲಿಲ್ಲ. ಕಥೆ ಇರುವುದು ಮನಸ್ಸಿನ ಸಂತೋಷಕ್ಕೆ ಮಾತ್ರ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಲ್ಲರೂ ತರಾಸು ಆಗಲಾರೆವು. ಆದರೆ ಕೇಳಿ ಬರೆದುಕೊಳ್ಳುವುದಕ್ಕೆ ಯಾವ ಪದವಿಯೂ ಬೇಡ. ಕಳೆದ ಕೆಲವು ವರ್ಷಗಳಿಂದ ನನ್ನ ತರಗತಿಯ ಮಕ್ಕಳಿಗೆ ಬೇಸಿಗೆ ರಜಕ್ಕೆ ಒಂದೇ ಮನೆಗೆಲಸ ಕೊಡುತ್ತಿದ್ದೇನೆ. ಮನೆಯ ಅತ್ಯಂತ ಹಿರಿಯ ಹೆಂಗಸನ್ನು ಕೇಳಿ ಬರೆಯಬೇಕು: ಅವರ ಅಮ್ಮನ ಹೆಸರು, ಅಮ್ಮನ ಅಮ್ಮನ ಹೆಸರು, ಯಾವ ಊರಿನಿಂದ ಬಂದರು, ಯಾವ ಬಾವಿಯಿಂದ ನೀರು ತಂದರು, ಬರಗಾಲದಲ್ಲಿ ಏನು ತಿಂದರು, ತೋಟದ ಪ್ರತಿಯೊಂದು ತುಂಡಿಗೂ ಏನು ಹೆಸರು. ಹುಡುಗರು ಮೊದಲು ಗೊಣಗುತ್ತಾರೆ, ಜೂನಿನಲ್ಲಿ ನೋಟ್ ಪುಸ್ತಕ ತುಂಬಿಸಿಕೊಂಡು ಬರುತ್ತಾರೆ. ಒಬ್ಬ ಹುಡುಗ ತನ್ನ ಅಜ್ಜಿ ಹೇಳಿದ ಹನ್ನೆರಡು ಹೊಲಗಳ ಹೆಸರು ಬರೆದು ತಂದಿದ್ದ. ಅದರಲ್ಲಿ ಒಂದರ ಹೆಸರು ‘ದಂಡಿಳಿದ ಹಳ್ಳ’. ಯಾವ ದಂಡು, ಯಾವಾಗ ಇಳಿಯಿತು ಎಂದು ಅಜ್ಜಿಗೂ ತಿಳಿಯದು. ಆದರೆ ಅಲ್ಲೊಂದು ದಂಡು ಇಳಿದದ್ದನ್ನು ಆ ಹೊಲ ಮರೆತಿಲ್ಲ.

ಇದನ್ನು ಓದುತ್ತಿರುವ ತಾಯಂದಿರು, ಅಕ್ಕತಂಗಿಯರು ನಿಮ್ಮ ಮನೆಯಲ್ಲೂ ಒಂದು ನೋಟ್ ಪುಸ್ತಕ ಇಡಿ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಬರೆಯುವ ಪುಸ್ತಕವಾದರೂ ಸರಿ, ಅದರ ಹಿಂದಿನ ಹತ್ತು ಹಾಳೆ ಬಿಡಿ. ಅತ್ತೆಯವರು, ದೊಡ್ಡಮ್ಮ, ಸೋದರತ್ತೆ ಇನ್ನೂ ಕುಳಿತು ಮಾತಾಡುವ ಸ್ಥಿತಿಯಲ್ಲಿದ್ದಾಗಲೇ ಕೇಳಿ. ನಾಳೆ ಹಾಗಲವಾಡಿಗೆ ಒಬ್ಬ ಕಾದಂಬರಿಕಾರನೋ ಕಾದಂಬರಿಕಾರ್ತಿಯೋ ಬಂದರೆ, ಮೊದಲು ಬೇಕಾಗುವುದು ನಿಮ್ಮ ಆ ಹತ್ತು ಹಾಳೆ.